ಮುಂಭಾರ ಹಿಂಭಾರ

ಮದ್ದೂರಿನ ರೈಲ್ವೆ ನಿಲ್ದಾಣದ ಹೊರಗೆ ಮರದ ನೆರಳಿನಲ್ಲಿ ಸಾಲಾಗಿ ನಿಲ್ಲುತ್ತಿದ್ದ ಜಟಕಾ ಗಾಡಿಗಳಲ್ಲೊಂದನ್ನು ಹತ್ತಿ, ಮಳವಳ್ಳಿಯ ಹಾದಿಯಲ್ಲಿ ನಾಲ್ಕು ಮೈಲಿಯಾಚೆಗಿದ್ದ ಅಜ್ಜಿಯ ಊರಿಗೆ ಹೋಗುವುದು ನನ್ನ ಬಾಲ್ಯದ ಬೇಸಗೆಗಳ ಮೊದಲ ಸಂಭ್ರಮವಾಗಿತ್ತು. ಆ ಗಾಡಿ ಹೊರಡುವ ಮುನ್ನ ತಪ್ಪದೆ ನಡೆಯುತ್ತಿದ್ದ ಒಂದು ವಿಧಿಯುಂಟು. ಹುಲ್ಲು ಹರಡಿ ಅದರ ಮೇಲೆ ಗೋಣಿತಾಟು ಹಾಸಿದ್ದ ಗಾಡಿಯೊಳಕ್ಕೆ ಹಿಂದಿನಿಂದ ಹತ್ತಿ, ಕಾಲು ಮಡಿಸಿ, ಮಂಡಿಗೆ ಮಂಡಿ ತಾಗಿಸಿಕೊಂಡು ನಾವೆಲ್ಲ ಕುಳಿತ ಮೇಲೆ, ಗಾಡಿಯ ಸಾಬರು ತಾವು ಮಾತ್ರ ಹತ್ತದೆ ಕೆಳಗೇ ನಿಂತು, ಕುದುರೆಯ ಬೆನ್ನಿನ ಮೇಲಿದ್ದ ಮೆತ್ತೆಪಟ್ಟಿಯ ಅಡಿಗೆ ಎರಡು ಬೆರಳು ತೂರಿಸಿ, ಇನ್ನೊಂದು ಕೈಯಿಂದ ಮೂಕಿಮರವನ್ನು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಆಡಿಸಿ ನೋಡಿ, ಆಮೇಲೆ ನಮ್ಮ ಕಡೆ ತಿರುಗಿ ಅಪ್ಪಣೆ ಕೊಡುವರು: “ಸ್ವಾಮಿ, ಚೂರು ಹಿಂದಕ್ ಸರ್ಕೊಳ್ಳಿ. ಅಮ್ಮಾವ್ರೆ, ಆ ಪೆಟ್ಟಿಗೆ ಇತ್ಲಾಗ್ ಕೊಡಿ. ಮುಂಭಾರ ಆಯ್ತು.” ಅಮಲ್ದಾರರೇ ಕುಳಿತಿರಲಿ, ಶಾನುಭೋಗರೇ ಕುಳಿತಿರಲಿ, ಆ ಅಪ್ಪಣೆಗೆ ವಿನಾಯಿತಿ ಇರಲಿಲ್ಲ. ದಾರಿಯಲ್ಲಿ ಏರು ಸಿಕ್ಕಿದೊಡನೆ “ಎಲ್ರೂ ಮುಂದಕ್ ಬನ್ನಿ” ಎಂದೂ ಇಳಿಜಾರು ಬಂದೊಡನೆ “ಹಿಂದಕ್ ಹೋಗಿ” ಎಂದೂ ಕೂಗು ಬರುತ್ತಿತ್ತು. ನಾವು ಮಕ್ಕಳು ಅದನ್ನೊಂದು ಆಟವೆಂದು ತಿಳಿದು ಕುಪ್ಪಳಿಸುತ್ತಿದ್ದೆವು.

ಅದು ಆಟವಲ್ಲ, ವೈದ್ಯವೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎರಡು ಚಕ್ರದ ಗಾಡಿಯೆಂಬುದು ಅಚ್ಚಿನ ಮೇಲೆ ನಿಂತ ತಕ್ಕಡಿ. ಕುಳಿತವರ ತೂಕ ಅಚ್ಚಿನ ಮುಂದಕ್ಕೆ ಬಿದ್ದರೆ ಮೂಕಿಮರಗಳೆರಡೂ ಕೆಳಕ್ಕೆ ಜಗ್ಗಿ ಆ ಹೊರೆಯೆಲ್ಲ ನಾಲ್ಕು ಬೆರಳಗಲದ ಮೆತ್ತೆಪಟ್ಟಿಯ ಮೂಲಕ ಕುದುರೆಯ ಬೆನ್ನೆಲುಬಿನ ಅಕ್ಕಪಕ್ಕಕ್ಕೆ ಇಳಿಯುತ್ತದೆ; ಹಿಂದಕ್ಕೆ ಬಿದ್ದರೆ ಮೂಕಿಗಳು ಮೇಲೆದ್ದು ಹೊಟ್ಟೆಪಟ್ಟಿ ಬಿಗಿದು, ಪ್ರಾಣಿ ಎದೆಯ ಕೆಳಗಿನಿಂದ ಎತ್ತಿ ಹಿಡಿದಂತಾಗಿ, ನೆಲಕ್ಕೆ ಕಾಲೂರಿ ಎಳೆಯಲಾರದೆ ತಡವರಿಸುತ್ತದೆ. ಮೊದಲನೆಯದು ಮುಂಭಾರ, ಎರಡನೆಯದು ಹಿಂಭಾರ. ಇವೆರಡರ ನಡುವೆ, ಮೂಕಿ ಒಂದು ಬೆರಳಿನಿಂದ ಎತ್ತಿದರೆ ಏಳುವಷ್ಟು ಹಗುರವಾಗಿ ಬೆನ್ನಿನ ಮೇಲೆ ತಂಗಿರಬೇಕಾದ ಒಂದು ನೆಲೆಯಿದೆ. ಆ ನೆಲೆಯನ್ನು ಪ್ರಯಾಣಿಕರ ಮೈಯನ್ನೇ ಕಲ್ಲುಬಟ್ಟುಗಳಾಗಿ ಬಳಸಿ ಪ್ರತಿ ಸಲವೂ ಹೊಸದಾಗಿ ಕಂಡುಕೊಳ್ಳುವುದೇ ಸಾಬರ ವಿಧಿಯ ಅರ್ಥ. ಕುದುರೆಯ ಬೆನ್ನು ನೊಂದರೆ ಅದರ ಕಾರಣ ಬೆನ್ನಿನಲ್ಲಿರುವುದು ಅಪರೂಪ; ಅದು ಗಾಡಿಯಲ್ಲಿರುತ್ತದೆ, ಸಾಮಾನಿನಲ್ಲಿರುತ್ತದೆ, ಕಾಲಿನಲ್ಲಿರುತ್ತದೆ, ಮೇಲೆ ಕುಳಿತ ಮನುಷ್ಯನಲ್ಲಿರುತ್ತದೆ. ಈ ತಿಳಿವಳಿಕೆ ನಮ್ಮ ಸೀಮೆಯಲ್ಲಿ ಹೇಗೆ ಬೆಳೆಯಿತು, ಯಾರ ಕೈಗಳಲ್ಲಿ ಉಳಿಯಿತು ಎಂಬುದನ್ನು ಬರೆದಿಡಬೇಕೆಂದು ಬಹುದಿನಗಳಿಂದ ನನಗೆ ಆಸೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲ ದಂಡುಗಳು ತುಳಿದ ನೆಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದ ಸೈನ್ಯ ಚನ್ನಪಟ್ಟಣ, ಮದ್ದೂರುಗಳ ಹೆದ್ದಾರಿಯನ್ನೇ ಹಿಡಿಯಲಿ, ಕಾನಕಾನಹಳ್ಳಿಯ ಬಳಸುದಾರಿಯನ್ನೇ ಹಿಡಿಯಲಿ, ಈ ಸೀಮೆಯನ್ನು ದಾಟದೆ ಗತ್ಯಂತರವಿರಲಿಲ್ಲ. 1791ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಕಾವೇರಿಯ ದಡದ ಅರಕೆರೆಗೆ ಬಂದು ತಲುಪಿದನು. 15ನೆಯ ತಾರೀಖು ಟೀಪುವಿನ ಸೈನ್ಯದೊಡನೆ ಕಾದಿ ಮೇಲುಗೈಯನ್ನೂ ಪಡೆದನು. ಆದರೆ ಆ ಗೆಲುವು ಅವನ ಉಪಯೋಗಕ್ಕೆ ಬರಲಿಲ್ಲ. ಟೀಪು ದಾರಿಯುದ್ದಕ್ಕೂ ಮೇವನ್ನು ಸುಡಿಸಿದ್ದನು, ಮಳೆ ಹಿಡಿದಿತ್ತು, ದನಗಳಿಗೆ ರೋಗ ತಗುಲಿತ್ತು. ಕೋಟೆ ಒಡೆಯುವ ಭಾರೀ ತೋಪುಗಳನ್ನು ಎಳೆಯಬೇಕಾಗಿದ್ದ ಎತ್ತುಗಳು ಸಾವಿರಗಟ್ಟಲೆ ಸತ್ತುವು. ಸಿಪಾಯಿಗಳೇ ಹಗ್ಗಕ್ಕೆ ಹೆಗಲು ಕೊಟ್ಟು ತೋಪುಗಳನ್ನು ಕನ್ನಂಬಾಡಿಯ ವರೆಗೆ ಎಳೆದು ತಂದರು. ಕಡೆಗೆ ಅಲ್ಲಿ ಅವನ್ನು ತಾವೇ ಒಡೆದು ಹಾಕಿ ಹಿಂದಿರುಗಬೇಕಾಯಿತು. ಎಂಟು ವರ್ಷಗಳ ಮೇಲೆ ಜನರಲ್ ಹ್ಯಾರಿಸನು ಬಂದಾಗಲೂ ಕಥೆ ಬೇರೆಯಾಗಿರಲಿಲ್ಲ. ಎತ್ತುಗಳ ಸಾವಿನಿಂದ ಮತ್ತೆ ಮತ್ತೆ ತಡೆದು ನಿಲ್ಲುತ್ತ ಅವನ ದಂಡು 1799ರ ಮಾರ್ಚಿ 27ರಂದು ಮಳವಳ್ಳಿಯ ಬಯಲಿಗೆ ಬಂದು ಮುಟ್ಟಿತು. ಆ ದಿನದ ಕಾಳಗದಲ್ಲಿ ಟೀಪು ಹಿಂದೆ ಸರಿದನು. ಹ್ಯಾರಿಸನು ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದತ್ತ ನಡೆದನು.

ಇತಿಹಾಸದ ಪುಸ್ತಕಗಳು ಈ ಪ್ರಾಣಿಗಳು ಹಸಿವಿನಿಂದಲೂ ರೋಗದಿಂದಲೂ ಸತ್ತುವೆಂದು ಹೇಳಿ ಮುಂದೆ ಸಾಗುತ್ತವೆ. ಹಸಿವು ಬೆನ್ನಿಗೆ ಏನು ಮಾಡುತ್ತದೆಂಬುದನ್ನು ಬಲ್ಲವನು ಅಷ್ಟಕ್ಕೆ ಸುಮ್ಮನಿರಲಾರ. ಚೆನ್ನಾಗಿ ಮೇದ ಕುದುರೆಯ ಬೆನ್ನೆಲುಬು ಎರಡು ಮಾಂಸದ ದಿಂಡುಗಳ ನಡುವೆ ಹುದುಗಿರುತ್ತದೆ. ಜೀನು ಆ ದಿಂಡುಗಳ ಮೇಲೆ ಕುಳಿತು ಎಲುಬಿಗೆ ಸೋಂಕದೆ ಇರುತ್ತದೆ. ಗ್ರೀಸ್ ದೇಶದ ಕ್ಸೆನೊಫೋನನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇಂಥ ಇಮ್ಮಡಿ ಬೆನ್ನಿನ ಕುದುರೆಯೇ ಸವಾರನಿಗೆ ಹಿತವೆಂದು ಬರೆದಿಟ್ಟಿದ್ದಾನೆ. ಹತ್ತು ಹದಿನೈದು ದಿನ ಮೇವು ತಪ್ಪಿ, ನಡಿಗೆ ಮಾತ್ರ ತಪ್ಪದೆ ಇದ್ದರೆ ಆ ದಿಂಡುಗಳು ಕರಗುತ್ತವೆ. ಹೊರಟ ದಿನ ಅಳತೆ ತೆಗೆದು ಹೊಲಿದಂತೆ ಒಪ್ಪಿದ್ದ ಜೀನು ಈಗ ತಗ್ಗಿ ಎಲುಬಿನ ಮೇಲೆಯೇ ಕೂರುತ್ತದೆ. ಜೀನು ಬದಲಾಗಲಿಲ್ಲ, ಸವಾರ ಬದಲಾಗಲಿಲ್ಲ, ಬೆನ್ನು ಬದಲಾಯಿತು. 1812ರಲ್ಲಿ ರಷ್ಯದ ಮೇಲೆ ದಂಡೆತ್ತಿದ ನೆಪೋಲಿಯನನ ಅಶ್ವಸೈನ್ಯ ಚಳಿ ಬೀಳುವುದಕ್ಕೆ ಮುಂಚೆಯೇ ಅರ್ಧಕ್ಕರ್ಧ ಹಾಳಾದುದಕ್ಕೆ ಹಸಿವಿನೊಡನೆ ಬೆನ್ನುಹುಣ್ಣೂ ಒಂದು ದೊಡ್ಡ ಕಾರಣ. ಸವಾರರು ಇಡೀ ದಿನ ಜೀನಿನಿಂದ ಇಳಿಯದೆ ಉಳಿದರು, ಕುದುರೆಗಳ ಬೆನ್ನು ಕೊಳೆತುವು.

ಇದನ್ನು ಬಲ್ಲ ವ್ಯವಸ್ಥೆಗಳು ನಮ್ಮಲ್ಲಿ ಇದ್ದುವು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ, ಹೈದರನ ಕೈಯಲ್ಲಿ ದಂಡಿನ ಸಾಗಣೆಯ ಬೆನ್ನೆಲುಬಾಗಿ, ಟೀಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅದರ ಎತ್ತುಗಳ ವೇಗ ಪರಂಗಿಯವರನ್ನು ಬೆರಗುಗೊಳಿಸಿತ್ತು. ಟೀಪುವಿನ ಪತನದ ಬಳಿಕ ಆ ಮಂದೆಗಳು ಕೈಗೆ ಬಂದಾಗ ಆರ್ಥರ್ ವೆಲೆಸ್ಲಿ ಅವುಗಳ ಬೆಲೆಯನ್ನು ಚೆನ್ನಾಗಿ ಅರಿತುಕೊಂಡನು. ದಂಡಿನ ತ್ವರಿತ ಚಲನೆಯೆಲ್ಲ ಒಳ್ಳೆಯ ದನಗಳಿಂದ, ಅವನ್ನು ಸರಿಯಾಗಿ ಹೊಡೆದು ಸರಿಯಾಗಿ ನೋಡಿಕೊಳ್ಳುವುದರಿಂದ ಮಾತ್ರ ಸಾಧ್ಯವೆಂಬ ಅರ್ಥದ ಮಾತನ್ನು ಅವನು ತನ್ನ ಕಾಗದಗಳಲ್ಲಿ ಬರೆದಿದ್ದಾನೆ. ಇನ್ನು ಕಾರ್ನ್‌ವಾಲಿಸನ ದಂಡಿಗೆ ಅಕ್ಕಿ ಧಾನ್ಯಗಳನ್ನು ಸಾವಿರಾರು ಹೇರೆತ್ತುಗಳ ಮೇಲೆ ತಂದೊದಗಿಸಿದ ಲಂಬಾಣಿಗಳ ವಿಚಾರ. ರಸ್ತೆಯೇ ಇಲ್ಲದ ಕಡೆ ದೇಶದಿಂದ ದೇಶಕ್ಕೆ ಉಪ್ಪನ್ನೂ ಧಾನ್ಯವನ್ನೂ ಸಾಗಿಸಿದ ಈ ಜನರ ಬದುಕೆಲ್ಲ ಎತ್ತಿನ ಬೆನ್ನಿನ ಮೇಲೆ ನಿಂತಿತ್ತು. ಕಂಟಲೆಯ ಎರಡು ಚೀಲಗಳ ತೂಕ ಸಮವಾಗಿರಬೇಕು, ಒಂದು ಕಡೆ ಒಂದು ಸೇರು ಹೆಚ್ಚಾದರೂ ಹೇರು ಜಾರಿ ಬೆನ್ನನ್ನು ಉಜ್ಜುತ್ತದೆ, ಹೇರನ್ನು ಇಳಿಸಿದ ಮೇಲೆ ಬೆವರು ಆರುವ ತನಕ ಕೈಯಾಡಿಸಬೇಕು. ಇವು ಅವರಿಗೆ ಶಾಸ್ತ್ರವಲ್ಲ, ಅನ್ನ.

ಅನ್ನವಾದಲ್ಲಿ ಎಚ್ಚರ ಹುಟ್ಟುತ್ತದೆಂಬುದಕ್ಕೆ ನಮ್ಮ ಸಿಲೇದಾರರೇ ಸಾಕ್ಷಿ. ಸಿಲೇದಾರನೆಂದರೆ ಸ್ವಂತ ಕುದುರೆಯನ್ನೂ ಸ್ವಂತ ಆಯುಧವನ್ನೂ ತಂದು ಸೇವೆಗೆ ನಿಂತ ರಾವುತ. ಸಂಬಳ ಅವನಿಗೂ ಕುದುರೆಗೂ ಸೇರಿ. ಕುದುರೆಯ ಬೆನ್ನು ಒಡೆದರೆ ಅವನ ಮನೆಯ ಒಲೆ ಆರಿದಂತೆಯೇ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಇರಿಸಿಕೊಳ್ಳಬೇಕಾಗಿತ್ತು. ಆ ಪಡೆಯ ಪರಂಪರೆಯೇ ಮುಂದೆ 1892ರಲ್ಲಿ ಲ್ಯಾನ್ಸರ್ಸ್ ದಳವಾಗಿ ರೂಪುಗೊಂಡಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಜೋಧಪುರದ ಸವಾರರೊಡನೆ ಸೇರಿ ಗೆದ್ದ ಮೈಸೂರಿನ ಸವಾರರ ಶೌರ್ಯವನ್ನು ನಾವು ಶಿಲಾಸ್ತಂಭಗಳಲ್ಲಿ ಕೆತ್ತಿಸಿದ್ದೇವೆ, ಅದು ಯೋಗ್ಯವೇ. ಆ ಯುದ್ಧರಂಗದಲ್ಲಿ ಸವಾರ, ಜೀನು, ಆಯುಧ, ಮೇವು, ನೀರು ಎಲ್ಲ ಸೇರಿ ಒಂದೊಂದು ಕುದುರೆ ಹೊರುತ್ತಿದ್ದ ಭಾರ ಸುಮಾರು 125 ಕಿಲೋ. ಅದನ್ನು ಹೊತ್ತು ದಿನಗಟ್ಟಲೆ ನಡೆದು, ಕೊನೆಯಲ್ಲಿ ತೋಪು ಬಂದೂಕುಗಳಿಗೆ ಎದುರಾಗಿ ಓಡಬಲ್ಲ ಬೆನ್ನನ್ನು ಉಳಿಸಿಕೊಟ್ಟವರು ರಾತ್ರಿಯ ಹೊತ್ತು ಲಾಂದ್ರದ ಬೆಳಕಿನಲ್ಲಿ ಬೆನ್ನು ಸವರಿ ನೋಡಿದ ಕೈಗಳು. ಆ ಕೈಗಳಿಗೆ ಸ್ತಂಭವಿಲ್ಲ.

ಆ ಕೈಗಳು ಏನು ನೋಡುತ್ತಿದ್ದುವು? ಈ ವಿದ್ಯೆಯಲ್ಲಿ ಊತವಿರುವ ಜಾಗವೇ ಮೊದಲ ಅಕ್ಷರ. ಕುತ್ತಿಗೆಯ ಬುಡದ ಹೆಗಲದಿಬ್ಬದ ನೆತ್ತಿಯಲ್ಲಿ ಊತವಿದ್ದರೆ ಜೀನಿನ ಮುಂಗಮಾನು ತಗ್ಗಿ ಎಲುಬಿಗೆ ತಾಗುತ್ತಿದೆ; ದಿಬ್ಬದ ಎರಡು ಪಕ್ಕಗಳಲ್ಲಿದ್ದರೆ ಕಮಾನು ಇಕ್ಕಟ್ಟಾಗಿ ಕಚ್ಚುತ್ತಿದೆ. ಸೊಂಟದ ಹತ್ತಿರವಿದ್ದರೆ ಸವಾರ ಹಿಂದಕ್ಕೆ ಒರಗಿ ಕೂರುವವನು, ಇಲ್ಲವೆ ಗಂಟುಮೂಟೆಗಳನ್ನೆಲ್ಲ ಹಿಂದೆಯೇ ಬಿಗಿದವನು. ಒಂದೇ ಪಕ್ಕದಲ್ಲಿದ್ದರೆ ಪ್ರಶ್ನೆ ಜಟಿಲವಾಗುತ್ತದೆ: ಸವಾರ ಓರೆಯಾಗಿ ಕೂರುತ್ತಾನೆಯೆ, ರಿಕಾಪಿನ ಪಟ್ಟಿಗಳಲ್ಲಿ ಒಂದು ಉದ್ದವೊಂದು ಗಿಡ್ಡವೆ, ಮೆತ್ತೆಯ ಹತ್ತಿ ಒಂದು ಕಡೆ ಗಂಟುಗಟ್ಟಿದೆಯೆ, ಅಥವಾ ಕುದುರೆಯ ಕಾಲಿನಲ್ಲೇ ಏನಾದರೂ ಇದೆಯೆ? ಜೀನು ತೆಗೆದ ಕೂಡಲೆ ಬೆವರಿನ ಗುರುತನ್ನು ನೋಡಬೇಕು. ಮೈಯೆಲ್ಲ ಒಂದೇ ಸಮನೆ ತೊಯ್ದಿದ್ದರೆ ಒಳ್ಳೆಯದು. ತೊಯ್ದ ಬೆನ್ನಿನ ನಡುವೆ ಅಂಗೈಯಷ್ಟಗಲದ ಒಣ ಜಾಗ ಕಂಡರೆ ಅದು ಆರೋಗ್ಯವಲ್ಲ, ಅಪಾಯ. ಅಲ್ಲಿ ಒತ್ತಡ ಎಷ್ಟು ಬಿದ್ದಿದೆಯೆಂದರೆ ಬೆವರು ಕೂಡ ಹೊರಗೆ ಬರಲಾಗಿಲ್ಲ. ಆಮೇಲೆ ಬೆರಳ ತುದಿಗಳಿಂದ, ಉಗುರು ತಾಗದಂತೆ, ಬೆನ್ನೆಲುಬಿನ ಪಕ್ಕದಲ್ಲಿ ಹೆಗಲಿನಿಂದ ಸೊಂಟದ ವರೆಗೆ ಒಂದೇ ಹದದಲ್ಲಿ ಒತ್ತುತ್ತ ಹೋಗಬೇಕು. ನೋವಿರುವ ಜಾಗದಲ್ಲಿ ಬೆನ್ನು ತಾನಾಗಿ ಕುಸಿಯುತ್ತದೆ, ಕಿವಿ ಹಿಂದಕ್ಕೆ ಮಡಿಯುತ್ತದೆ, ಬಾಲ ಬೀಸುತ್ತದೆ. ದಂಡು ಬಿಡಾರಕ್ಕೆ ಬಂದೊಡನೆ ಜೀನನ್ನು ಕಿತ್ತೊಗೆಯದೆ, ಪಟ್ಟಿಯನ್ನು ಮಾತ್ರ ಸಡಿಲಿಸಿ ಸ್ವಲ್ಪ ಹೊತ್ತು ಹಾಗೆಯೇ ಬಿಡುವ ಪದ್ಧತಿಯಿತ್ತು. ಒತ್ತಿಹೋಗಿದ್ದ ಚರ್ಮದೊಳಕ್ಕೆ ರಕ್ತ ಒಮ್ಮೆಲೆ ನುಗ್ಗಿ ಊದಬಾರದೆಂದು. ಬ್ರಿಟಿಷ್ ಸೈನ್ಯದ ಪಶುವೈದ್ಯ ಫ್ರೆಡರಿಕ್ ಸ್ಮಿತ್ 1891ರಲ್ಲಿ ಜೀನುಗಳನ್ನೂ ಬೆನ್ನುಹುಣ್ಣುಗಳನ್ನೂ ಕುರಿತೇ ಒಂದು ಕೈಪಿಡಿಯನ್ನು ಬರೆದನು. ಒಂದು ಸಾಮ್ರಾಜ್ಯ ಇದಕ್ಕಾಗಿ ಪುಸ್ತಕ ಮಾಡಿಸಿತೆಂದರೆ ಆ ಹುಣ್ಣು ಎಷ್ಟು ದುಬಾರಿಯಾಗಿತ್ತೆಂದು ಊಹಿಸಬಹುದು.

ಕನ್ನಡದಲ್ಲಿಯೂ ಈ ಬಗೆಯ ಗ್ರಂಥಪರಂಪರೆ ಉಂಟು. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ‘ಗೋವೈದ್ಯ’ವನ್ನು ರಚಿಸಿದನು, 1627ರಲ್ಲಿ ಪದ್ಮಣ ಪಂಡಿತನು ‘ಹಯಸಾರ ಸಮುಚ್ಚಯ’ವನ್ನು ಬರೆದನು. ಪ್ರಾಣಿಯ ರೋಗವನ್ನು ದೇಶಭಾಷೆಯಲ್ಲಿ ಬರೆದಿಡಬೇಕೆಂದು ಅಷ್ಟು ಹಿಂದೆಯೇ ತೋರಿದ್ದು ನಮಗೆ ಗೌರವದ ಸಂಗತಿ. ಆದರೆ ಅಶ್ವಶಾಸ್ತ್ರದ ಪರಂಪರೆಯಲ್ಲಿ ಚಿಕಿತ್ಸೆಯಷ್ಟೇ ಜಾಗವನ್ನು ಲಕ್ಷಣಗಳೂ ಆಕ್ರಮಿಸಿದುವು: ಬಣ್ಣ, ಹಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಸುಳಿ. ಆ ಸುಳಿಯ ನಂಬಿಕೆ ಕುದುರೆಯಿಂದ ಎತ್ತಿಗೂ ಸಲ್ಲುತ್ತ ನಮ್ಮ ಜಾತ್ರೆಗಳಲ್ಲಿ ಇಂದಿಗೂ ಉಳಿದಿದೆ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ಮುಂದೆ ನಿಂತ ಗಿರಾಕಿ ಹಣೆಯ ಸುಳಿ ನೋಡುತ್ತಾನೆ, ಹಿಣಿಲಿನ ಸುಳಿ ನೋಡುತ್ತಾನೆ. ನನ್ನ ಮಟ್ಟಿಗೆ ಇದು ನಮ್ಮ ಪ್ರಾಣಿವಿದ್ಯೆಗೆ ಆದ ದೊಡ್ಡ ನಷ್ಟ. ಸುಳಿ ನೋಡುವವನು ದೋಷವನ್ನು ಪ್ರಾಣಿಯ ಮೈಮೇಲೆ ಹುಟ್ಟಿನಿಂದಲೇ ಬರೆದಿದೆಯೆಂದು ನಂಬುತ್ತಾನೆ. ಹುಣ್ಣು ನೋಡುವವನು ದೋಷವನ್ನು ತನ್ನ ಸಾಮಾನಿನಲ್ಲಿ ಹುಡುಕುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಜನ ಈ ವ್ಯತ್ಯಾಸವನ್ನು ಅರಿಯದವರಲ್ಲ. ಅದೇ ಜಾತ್ರೆಯಲ್ಲಿ, ಸುಳಿಯ ಚರ್ಚೆ ಮುಗಿಯುವ ಮುನ್ನ ಸದ್ದಿಲ್ಲದೆ ಬಂದು ಹೋರಿಯ ಹೆಗಲಿನ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಚರ್ಮ ಎಲ್ಲಿ ದಪ್ಪಗಟ್ಟಿದೆ, ಎಲ್ಲಿ ಬಿಸಿಯಾಗಿದೆ ಎಂದು ತಿಳಿದುಕೊಂಡು ಹೋಗುವ ಹಿರಿಯರನ್ನೂ ನಾನು ಕಂಡಿದ್ದೇನೆ.

ಎತ್ತಿನ ಹೆಗಲಿನ ಕಥೆ ಈ ಸೀಮೆಯಲ್ಲಿ ಕುದುರೆಯ ಬೆನ್ನಿನ ಕಥೆಗಿಂತ ದೊಡ್ಡದು. 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿತು. ಮದ್ದೂರು, ಮಂಡ್ಯಗಳು ನಿಲ್ದಾಣಗಳಾದುವು. ಮಳವಳ್ಳಿ ರೈಲಿನಿಂದ ದೂರ ಉಳಿಯಿತು. ಆದ್ದರಿಂದಲೇ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ವಿದ್ಯುದಾಗಾರದ ಕೆಲಸ ಆರಂಭವಾದಾಗ, ಸಮುದ್ರದಾಚೆಯಿಂದ ಬಂದ ಭಾರೀ ಯಂತ್ರಭಾಗಗಳೆಲ್ಲ ಮದ್ದೂರಿನ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಮಳವಳ್ಳಿಯ ಮೇಲೆ ಕಾವೇರಿಯ ಕಣಿವೆಯ ವರೆಗೆ ಎತ್ತುಗಳಿಂದಲೂ ಆನೆಗಳಿಂದಲೂ ಎಳೆಯಲ್ಪಟ್ಟುವು. 1902ರ ಜೂನ್ 30ರಂದು ಅಲ್ಲಿನ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ತಂತಿಯನ್ನು ನೋಡಿ ಲೋಕವೇ ಬೆರಗಾದ ಕಾಲದಲ್ಲಿ, ಆ ಯಂತ್ರಗಳಿಗೆ ಕೊರಳು ಕೊಟ್ಟ ಜೋಡಿಗಳು ಎಷ್ಟು ಹೆಗಲುಗಳನ್ನು ಊದಿಸಿಕೊಂಡು ಮನೆಗೆ ಹಿಂದಿರುಗಿರಬಹುದೆಂದು ನಾನು ಆ ರಸ್ತೆಯಲ್ಲಿ ಹೋದಾಗಲೆಲ್ಲ ಯೋಚಿಸುತ್ತೇನೆ.

ಆಮೇಲೆ ಕಾಲುವೆ ಬಂದಿತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದು ರಾಗಿಯ ಹೊಲಗಳು ಗದ್ದೆಗಳಾದುವು, ಕಬ್ಬಿನ ತೋಟಗಳಾದುವು. ಲೆಸ್ಲಿ ಕೋಲ್ಮನ್ ಅವರ ಮುಂದಾಳುತನದಲ್ಲಿ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು; 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಸಮೃದ್ಧಿಯ ಈ ಕಥೆಯನ್ನು ಎತ್ತಿನ ಹೆಗಲಿನಿಂದ ನೋಡಿದರೆ ಬೇರೊಂದು ಬಣ್ಣ ಕಾಣುತ್ತದೆ. ಒಣ ಹೊಲದ ನೇಗಿಲಿಗಿಂತ ಕೆಸರುಗದ್ದೆಯ ನೇಗಿಲು ಹೆಗಲಿಗೆ ಕಠಿಣ. ನೆನೆದ ಚರ್ಮ ಮೆತ್ತಗಾಗಿ ನೊಗದ ಉಜ್ಜಿಗೆ ಬೇಗ ಸುಲಿಯುತ್ತದೆ. ಕಬ್ಬಿನ ಗಾಡಿಯಂತೂ ಮುಂಭಾರ ಹಿಂಭಾರಗಳ ಪರೀಕ್ಷೆಯೇ ಸರಿ. ಮೂಟೆಗಳಂತೆ ಜೋಡಿಸಲು ಬಾರದ, ಗಾಡಿಯ ಮುಂದಕ್ಕೂ ಹಿಂದಕ್ಕೂ ಮಾರುದ್ದ ಚಾಚುವ ಕಬ್ಬಿನ ಕಟ್ಟುಗಳನ್ನು ಒಟ್ಟುವಾಗ ಬುಡದ ಭಾರವನ್ನು ಯಾವ ಕಡೆಗೆ ಹಾಕಬೇಕೆಂಬುದರಲ್ಲಿಯೇ ಎತ್ತಿನ ಸುಖದುಃಖವಿದೆ. ಬುಡಗಳೆಲ್ಲ ಮುಂದಾದರೆ ನೊಗ ಹಿಣಿಲಿನ ಮುಂದಣ ಗುಳಿಯಲ್ಲಿ ಕಲ್ಲಿನಂತೆ ಕೂರುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳಿನ ಕಣ್ಣಿ ಗಂಟಲನ್ನು ಹಿಸುಕುತ್ತದೆ. ಜೋಡಿಯಲ್ಲಿ ಒಂದು ಎತ್ತರ, ಒಂದು ಗಿಡ್ಡವಾದರೆ ಭಾರ ಗಿಡ್ಡನ ಕಡೆಗೆ ಜಾರುತ್ತದೆ. ಟೈರಿನ ಗಾಡಿ ಬಂದಾಗ ಎಳೆತ ಹಗುರವಾಯಿತೆಂದು ರೈತ ಸಂತೋಷಪಟ್ಟನು. ಹಗುರವಾದ ಎಳೆತದ ಮೇಲೆ ಇನ್ನಷ್ಟು ಕಬ್ಬನ್ನು ಹೇರಿದನು. ಹೆಗಲಿಗೆ ಉಳಿದದ್ದು ಹೆಚ್ಚಿದ ಮುಂಭಾರ ಮಾತ್ರ. ಕಾರ್ಖಾನೆಯ ಮುಂದಿನ ಸಾಲಿನಲ್ಲಿ ರಾತ್ರಿಯೆಲ್ಲ ಕಾಯುವಾಗ ಮೂಕಿಗೆ ಊರುಗೋಲು ಕೊಟ್ಟು ಎತ್ತುಗಳನ್ನು ಬಿಚ್ಚಿ, ಹೆಗಲಿಗೆ ಹೊಂಗೆ ಎಣ್ಣೆಯೋ ಅರಿಶಿನ ಕಲಸಿದ ಹರಳೆಣ್ಣೆಯೋ ಸವರಿ ಕೂರುತ್ತಿದ್ದ ರೈತರ ಚಿತ್ರ ನನ್ನ ಕಣ್ಣಮುಂದಿದೆ. ಎಣ್ಣೆಯಿಂದ ಹುಣ್ಣು ಮಾಯುವುದು ನಿಜ. ಮರುದಿನ ಅದೇ ನೊಗ, ಅದೇ ಒಟ್ಟುವಿಕೆಯಾದರೆ ಹುಣ್ಣು ಅಲ್ಲಿಯೇ ಮತ್ತೆ ಏಳುವುದೂ ಅಷ್ಟೇ ನಿಜ.

ಕಾರಣವನ್ನು ಹುಡುಕುವುದೆಂದರೇನೆಂದು ನಾನು ಕಣ್ಣಾರೆ ಕಂಡದ್ದು ಒಂದೇ ಸಲ. ಮದ್ದೂರಿನ ಆ ಸಾಬರಿಗೆ ವಯಸ್ಸಾಗಿ ಗಾಡಿಯನ್ನು ಮಗನಿಗೆ ಒಪ್ಪಿಸಿದ್ದರು. ಮಗನ ಕಂದುಬಣ್ಣದ ಹೆಣ್ಣುಕುದುರೆಗೆ ಮೆತ್ತೆಪಟ್ಟಿಯ ಕೆಳಗೆ ಎಡಗಡೆ ಮಾತ್ರ, ಹಲಸಿನ ಬೀಜದಷ್ಟು ದಪ್ಪದ ಊತ ಎದ್ದಿತ್ತು. ಬೀದಿಯಲ್ಲಿ ಸೇರಿದವರಲ್ಲಿ ಒಬ್ಬರು ದೃಷ್ಟಿಯೆಂದರು, ಒಬ್ಬರು ಸುಳಿಯೆಂದರು, ಮಗ ಪಟ್ಟಿಗೆ ಇನ್ನೊಂದು ಪದರ ಗೋಣಿ ಹೊಲಿದು, ಅದರಿಂದ ಇಕ್ಕಟ್ಟು ಹೆಚ್ಚಿ ಊತ ಇನ್ನೂ ಬೆಳೆದಿತ್ತು. ಮುದುಕರು ಬಂದು ಊತವನ್ನು ಮುಟ್ಟಲೇ ಇಲ್ಲ. ಪಟ್ಟಿಯನ್ನು ತೆಗೆಸಿ ತಮ್ಮ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಹೆಬ್ಬೆರಳಿನಿಂದ ಹೊಲಿಗೆಯುದ್ದಕ್ಕೂ ಒತ್ತಿ ನೋಡಿದರು; ಎರಡು ಕಡೆಯೂ ಸಮವಾಗಿತ್ತು. ಮೂಕಿಮರಗಳ ಉದ್ದವನ್ನು ಟವಲಿನಿಂದ ಅಳೆದರು, ಸಮವಾಗಿತ್ತು. ಗಾಡಿಯ ಹಿಂದೆ ಹೋಗಿ ಕೂತು ಅಚ್ಚು ಓರೆಯಾಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು, ಅದೂ ಇಲ್ಲ. ಕೊನೆಗೆ ಮಗನ ಕಡೆ ತಿರುಗಿ, “ಗಾಡಿ ಬಿಡು. ಬರೀ ಕುದುರೇನ ಟಾರು ರಸ್ತೆ ಮೇಲೆ ಕುಕ್ಕುಲೋಟದಲ್ಲಿ ಹಿಡ್ಕೊಂಡು ಹೋಗು” ಎಂದರು. ತಾವು ಬೇಲಿಯ ಪಕ್ಕದಲ್ಲಿ ರಸ್ತೆಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕುಳಿತು ಕಣ್ಣು ಮುಚ್ಚಿದರು.

ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಲಾಳದ ಸದ್ದು ದೂರವಾಯಿತು, ಹತ್ತಿರವಾಯಿತು. ಎರಡನೆಯ ಸಲ ಹತ್ತಿರ ಬಂದಾಗ ಕಣ್ಣು ತೆರೆಯದೆಯೇ, “ಎಡ ಹಿಂಗಾಲು” ಎಂದರು. ನನಗೆ ಏನೂ ಕೇಳಿಸಿರಲಿಲ್ಲ. ಮತ್ತೆ ಓಡಿಸಿದಾಗ ಕಿವಿಗೊಟ್ಟೆ. ಒಂದು ಸದ್ದು ಉಳಿದವುಗಳಿಗಿಂತ ಒಂದು ಕೂದಲೆಳೆಯಷ್ಟು ಮೆತ್ತಗೆ ಬೀಳುತ್ತಿತ್ತು. ಕುದುರೆ ಆ ಕಾಲನ್ನು ಪೂರ್ತಿ ಊರುತ್ತಿರಲಿಲ್ಲ. ಕಾಲೆತ್ತಿಸಿ ಲಾಳದ ಮೊಳೆಗಳನ್ನು ಒಂದೊಂದಾಗಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಬಂದರು. ಒಳಪಕ್ಕದ ಮೂರನೆಯ ಮೊಳೆಗೆ ತಟ್ಟಿದಾಗ ಕುದುರೆ ಕಾಲನ್ನು ಕಸಿದುಕೊಂಡಿತು. ಎರಡು ವಾರದ ಹಿಂದೆ ಹೊಸ ಲಾಳ ಕಟ್ಟಿಸಿದಾಗ ಆ ಮೊಳೆ ಗೊರಸಿನ ಒಳಮಾಂಸಕ್ಕೆ ತೀರ ಹತ್ತಿರ ಹೋಗಿತ್ತು. ಕಾಲು ನೊಂದಂತೆ ಕುದುರೆ ಸೊಂಟವನ್ನು ಒಂದು ಕಡೆಗೆ ತಿರುಚಿ ನಡೆಯಿತು. ಸೊಂಟ ತಿರುಚಿದಂತೆ ಪಟ್ಟಿ ಹೆಜ್ಜೆಹೆಜ್ಜೆಗೂ ಎಡಕ್ಕೆ ಜಾರಿ ಉಜ್ಜಿತು. ಉಜ್ಜಿದಲ್ಲಿ ಊತ ಎದ್ದಿತು. ಮೊಳೆ ಕಿತ್ತು, ಬಿಸಿನೀರಿನಲ್ಲಿ ಗೊರಸನ್ನು ನೆನೆಸಿ, ಹತ್ತು ದಿನ ಗಾಡಿಗೆ ಕಟ್ಟದೆ ಹುರುಳಿ ಬೇಯಿಸಿ ಹಾಕಿದರು. ಬೆನ್ನಿಗೆ ಅವರು ಮಾಡಿದ ಮದ್ದೆಂದರೆ ತಣ್ಣೀರಿನ ಬಟ್ಟೆ ಮಾತ್ರ. ಹಿಂಗಾಲಿನ ಕುಂಟು ಜೀನನ್ನು ಒಂದು ಪಕ್ಕಕ್ಕೆ ಜಾರಿಸುತ್ತದೆಂಬುದನ್ನು ಇಂಗ್ಲೆಂಡಿನ ಪಶುವೈದ್ಯರು ಈಚೆಗೆ ಅಳತೆ ಮಾಡಿ ತೋರಿಸಿದ್ದಾರೆಂದು ಓದಿದಾಗ, ಬೇಲಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತ ಆ ಮುಖ ನನಗೆ ನೆನಪಾಯಿತು.

1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಅಡಿಯಲ್ಲಿ 1965ರಲ್ಲಿ ಹೊರೆ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿಯೇ ನಿಯಮಗಳು ಬಂದುವು. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು, ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಕೂಡದು, ಕತ್ತೆಯ ಮೇಲೆ 50 ಕಿಲೋ, ತಟ್ಟುವಿನ ಮೇಲೆ 70 ಕಿಲೋ ಮೀರಕೂಡದು ಎಂಬ ವಿಧಿಗಳ ನಡುವೆ, ಜೀನಿನ ಕಮಾನಿಗೂ ಕುದುರೆಯ ಹೆಗಲದಿಬ್ಬಕ್ಕೂ ಮಧ್ಯೆ ಸಾಕಷ್ಟು ತೆರಪಿರಬೇಕೆಂಬ ವಿಧಿಯೂ ಇದೆ. ಸಾಬರು ಪಟ್ಟಿಯ ಅಡಿಗೆ ತೂರಿಸುತ್ತಿದ್ದ ಎರಡು ಬೆರಳೇ ಅಲ್ಲಿ ಕಾನೂನಾಗಿ ಕುಳಿತಿವೆ. ಕಾನೂನು ಬಂದ ಹೊತ್ತಿಗೆ ಮದ್ದೂರಿನ ನಿಲ್ದಾಣದ ಮುಂದೆ ಗಾಡಿಗಳು ವಿರಳವಾಗುತ್ತ ಬಂದಿದ್ದುವು. ಬಸ್ಸುಗಳೂ ಆಮೇಲೆ ಆಟೋಗಳೂ ಆ ನೆರಳನ್ನು ತುಂಬಿದುವು. ಅವುಗಳಲ್ಲಿ ಯಾರು ಎಲ್ಲಿ ಕುಳಿತರೂ ಯಾರ ಬೆನ್ನೂ ನೋಯುವುದಿಲ್ಲ. ಆದ್ದರಿಂದ ಯಾರೂ ನಮ್ಮನ್ನು ಹಿಂದಕ್ಕೆ ಸರಿಯಿರೆಂದು ಕೇಳುವುದಿಲ್ಲ.

ಆ ಹೆಣ್ಣುಕುದುರೆಯನ್ನು ನಾನು ಕೊನೆಯ ಸಲ ಕಂಡದ್ದು ಮುದುಕರು ತೀರಿಹೋದ ಮೇಲೆ, ಅವರ ಮನೆಯ ಹಿತ್ತಿಲಿನಲ್ಲಿ. ಗಾಡಿ ಮಾರಿಹೋಗಿತ್ತು, ಕುದುರೆಯನ್ನು ಮಗ ಮಾರಿರಲಿಲ್ಲ. ಹುಣಸೆಯ ಬುಡಕ್ಕೆ ಉದ್ದನೆಯ ಹಗ್ಗದಲ್ಲಿ ಕಟ್ಟಿದ್ದ ಅದು ಬಿಸಿಲಿಗೆ ಪಕ್ಕಗೊಟ್ಟು ನಿಂತಿತ್ತು. ಊತವಿದ್ದ ಜಾಗದಲ್ಲಿ, ಎಡಗಡೆ, ಒಂದು ನಾಣ್ಯದಷ್ಟಗಲ ಕಂದು ಕೂದಲು ಹೋಗಿ ಬಿಳಿಯ ಕೂದಲು ಬಂದಿತ್ತು. ಒತ್ತಡದಿಂದ ನೊಂದ ಚರ್ಮ ಮಾದ ಮೇಲೆ ಅಲ್ಲಿ ಹುಟ್ಟುವ ಕೂದಲು ಮತ್ತೆ ಬಣ್ಣ ಹಿಡಿಯುವುದಿಲ್ಲ. ಬಲಗಡೆ ಅಂಥ ಗುರುತು ಒಂದೂ ಇರಲಿಲ್ಲ. ಇಪ್ಪತ್ತು ವರ್ಷ ದುಡಿದ ಬೆನ್ನು ಅದು. ಮಗ ಮಾತನಾಡುತ್ತಲೇ ಆ ಬಿಳಿಯ ಮಚ್ಚೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದನು. ಕುದುರೆ ಅಲುಗದೆ ಮೇಯುತ್ತಿತ್ತು.